ಸೀಟು ಸಿಕ್ಕಿತು ಸರಿ, ರೂಮು ಸಿಕ್ಕಿತಾ?

ಮೊದಲೆಲ್ಲ ನಾವು ರಜೆಯಲ್ಲಿ ಊರಿಗೆ ಹೋದರೆ ಎಲ್ಲರೂ ಕೇಳುತ್ತಿದ್ದ ಪ್ರಶ್ನೆ ಒಂದೇ. "ನಮ್ಮ ಹುಡುಗನಿಗೆ ಅಲ್ಲಿ ಒಂದು ವೀಸಾ ಆಗ್ತದಾ?" ಈಗ ಪ್ರಶ್ನೆ ಬದಲಾಗಿದೆ. "ಮಗನಿಗೆ ಹಾಲೆಂಡಿನಲ್ಲಿ ಸೀಟು ಸಿಕ್ಕಿದೆ, ಫೀಸಿಗೆ ಎಂತ ಮಾಡುವುದು?" ಹೀಗೆ ಕೇಳುವವರು ಹೆಚ್ಚಾಗಿ ನಮ್ಮವರೇ. ಜುಬೈಲಿನಲ್ಲೋ ಶಾರ್ಜಾದಲ್ಲೋ ಇಪ್ಪತ್ತು ವರ್ಷ ದುಡಿದವರು. ತಾವು ಎಸೆಸೆಲ್ಸಿಗೆ ಓದು ನಿಲ್ಲಿಸಿ ವಿಮಾನ ಹತ್ತಿದವರು, ಇವತ್ತು ಮಕ್ಕಳನ್ನು ಓದಲಿಕ್ಕೆಂದು ವಿಮಾನ ಹತ್ತಿಸುತ್ತಿದ್ದಾರೆ. ಇದು ಸಂತೋಷದ ವಿಷಯ, ಎರಡು ಮಾತಿಲ್ಲ.

ಆದರೆ ಒಂದು ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಸೀಟಿನ ಬಗ್ಗೆ ಕೇಳುತ್ತಾರೆ, ಲೋನಿನ ಬಗ್ಗೆ ಕೇಳುತ್ತಾರೆ, ಹಲಾಲ್ ಊಟ ಸಿಗ್ತದಾ ಎಂದು ಕೇಳುತ್ತಾರೆ. "ಮಲಗಲಿಕ್ಕೆ ಜಾಗ ಆಗಿದೆಯಾ?" ಎಂದು ಕೇಳುವವರು ಕಡಿಮೆ. ಆ ಪ್ರಶ್ನೆಯನ್ನು ಎಲ್ಲಕ್ಕಿಂತ ಮೊದಲು, ಫೀಸು ಕಟ್ಟುವ ಮೊದಲೇ ಕೇಳಬೇಕು ಎಂಬುದು ನಮ್ಮ ಅಭಿಪ್ರಾಯ.

ನಾವು ಯಾಕೆ ಕೇಳುವುದಿಲ್ಲ ಎಂಬುದಕ್ಕೂ ಕಾರಣ ಉಂಟು. ನಾವು ಗಲ್ಫಿಗೆ ಬಂದಾಗ ರೂಮು ಒಂದು ಸಮಸ್ಯೆಯೇ ಆಗಿರಲಿಲ್ಲ. ಒಂದೋ ಕಂಪೆನಿಯ ಕ್ಯಾಂಪು, ಇಲ್ಲದಿದ್ದರೆ ಊರಿನವರ ಬ್ಯಾಚುಲರ್ ರೂಮು. ಏರ್‌ಪೋರ್ಟಿಗೆ ಯಾರೋ ಒಬ್ಬ ಇಕ್ಕ ಬರುತ್ತಿದ್ದರು. ಎಂಟು ಜನ ಇರುವಲ್ಲಿ ಒಂಬತ್ತನೆಯವನಿಗೆ ಒಂದು ಹಾಸಿಗೆ ಆಗುತ್ತಿತ್ತು. ಮೊದಲ ಸಂಬಳ ಆಗುವವರೆಗೆ ಮೆಸ್ಸಿನ ದುಡ್ಡು ಯಾರೂ ಕೇಳುತ್ತಿರಲಿಲ್ಲ. ಆ ಅಭ್ಯಾಸದಲ್ಲೇ ಮಕ್ಕಳಿಗೂ ಹೇಳುತ್ತೇವೆ, "ರೂಮಲ್ವಾ, ಹೋದ ಮೇಲೆ ಆಗ್ತದೆ ಬಿಡು."

ಆಮ್‌ಸ್ಟರ್‌ಡ್ಯಾಮಿನಲ್ಲಿ ಅದು ಹಾಗೆ ಆಗುವುದಿಲ್ಲ. ಹೆಸರಿಗೆ ಅದು ನೆದರ್ಲೆಂಡ್ಸಿನ ರಾಜಧಾನಿ. ಸರ್ಕಾರ, ಪಾರ್ಲಿಮೆಂಟು, ನಮ್ಮ ಭಾರತದ ರಾಯಭಾರ ಕಚೇರಿ ಎಲ್ಲ ಇರುವುದು ಹೇಗ್ ನಗರದಲ್ಲಿ. ಆಮ್‌ಸ್ಟರ್‌ಡ್ಯಾಮಿನ ಜನಸಂಖ್ಯೆ ಸುಮಾರು 9 ಲಕ್ಷ. ಬೆಂಗಳೂರಿನ ಹತ್ತನೇ ಒಂದು ಪಾಲೂ ಆಗುವುದಿಲ್ಲ. ಕಾಲುವೆಗಳ ನಡುವೆ ಹಳೆಯ ಕಿರಿದಾದ ಮನೆಗಳ ಊರು. ಅಷ್ಟು ಸಣ್ಣ ಊರಿನಲ್ಲಿ ಎರಡು ದೊಡ್ಡ ವಿಶ್ವವಿದ್ಯಾಲಯಗಳು, ಬೇರೆ ಕಾಲೇಜುಗಳು, ಜಗತ್ತಿನ ಎಲ್ಲ ಕಡೆಯಿಂದ ಬರುವ ಕಂಪೆನಿ ನೌಕರರು, ಪ್ರವಾಸಿಗರು. ಮನೆಗಳು ಮಾತ್ರ ಅಷ್ಟಕ್ಕಷ್ಟೇ. 2022ರಲ್ಲಿ ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯ, ಮಾಸ್ಟ್ರಿಕ್ಟ್ ವಿಶ್ವವಿದ್ಯಾಲಯ ಮುಂತಾದವು ವಿದೇಶಿ ವಿದ್ಯಾರ್ಥಿಗಳಿಗೆ ತಾವಾಗಿಯೇ ಹೇಳಿದವು: ರೂಮು ಸಿಗದಿದ್ದರೆ ಬರಬೇಡಿ. ಸೀಟು ಕೊಟ್ಟವರೇ ಬರಬೇಡಿ ಎಂದರೆ ಪರಿಸ್ಥಿತಿ ಹೇಗಿರಬಹುದು ನೀವೇ ಲೆಕ್ಕ ಹಾಕಿ.

ಅಲ್ಲಿ ರೂಮು ಎಂದರೆ ಬರೀ ಮಲಗುವ ಜಾಗ ಅಲ್ಲ. ನಾಲ್ಕು ತಿಂಗಳಿಗಿಂತ ಹೆಚ್ಚು ಇರುವವರು ಬಂದ ಐದು ದಿನದೊಳಗೆ ನಗರಸಭೆಯಲ್ಲಿ ವಿಳಾಸ ನೋಂದಾಯಿಸಬೇಕು. ನೋಂದಣಿ ಆದರೆ ಬಿಎಸ್‌ಎನ್ ಎಂಬ ನಂಬರು ಸಿಗುತ್ತದೆ, ನಮ್ಮ ಇಕಾಮಾ ನಂಬರಿನ ಹಾಗೆ. ಸಂಬಳ, ತೆರಿಗೆ, ವಿಮೆ, ಬ್ಯಾಂಕು ಎಲ್ಲದಕ್ಕೂ ಅದು ಬೇಕು. ವಿಳಾಸ ಇಲ್ಲದಿದ್ದರೆ ನಂಬರು ಸಿಗುವುದು ಕಷ್ಟ, ನಂಬರು ಇಲ್ಲದಿದ್ದರೆ ಉಳಿದ ಯಾವುದೂ ಸರಿಯಾಗಿ ನಡೆಯುವುದಿಲ್ಲ. ಕೆಲವು ಮನೆ ಮಾಲೀಕರು ರೂಮು ಕೊಡುತ್ತಾರೆ, ಆದರೆ "ಇಲ್ಲಿ ನೋಂದಣಿ ಮಾಡುವ ಹಾಗಿಲ್ಲ" ಎನ್ನುತ್ತಾರೆ. ಆ ರೂಮು ಇದ್ದೂ ಇಲ್ಲದ ಹಾಗೆ.

ಒಂಬತ್ತನೆಯವನನ್ನು ಸೇರಿಸಿಕೊಳ್ಳುವ ನಮ್ಮ ಉಪಾಯವೂ ಅಲ್ಲಿ ನಡೆಯುವುದಿಲ್ಲ. ಒಂದೇ ಕುಟುಂಬದವರಲ್ಲದ ಮೂವರು ದೊಡ್ಡವರು ಒಂದು ಮನೆ ಹಂಚಿಕೊಳ್ಳಬೇಕಾದರೂ ಮಾಲೀಕನ ಬಳಿ ನಗರಸಭೆಯ ಪರವಾನಗಿ ಇರಬೇಕು. ಇನ್ನು ಅಲ್ಲಿನ ವಿದ್ಯಾರ್ಥಿಗಳು ಇರುವ ಮನೆಯಲ್ಲಿ ರೂಮು ಖಾಲಿಯಾದರೆ ಹೊಸಬರನ್ನು ಅವರೇ ಸಂದರ್ಶನ ಮಾಡಿ ಆರಿಸುತ್ತಾರೆ. ಒಂದೇ ಸಂಜೆ ಹತ್ತಾರು ಜನ ಬಂದು ಕುಳಿತು, ನಗುತ್ತಾ ಮಾತಾಡಿ, ತಾನು ಒಳ್ಳೆಯವನೆಂದು ತೋರಿಸಬೇಕು. ಕೆಲವು ಜಾಹೀರಾತುಗಳಲ್ಲಿ ವಿದೇಶಿಯರು ಬೇಡ ಎಂದೇ ಬರೆದಿರುತ್ತಾರೆ. ಬಾಡಿಗೆ ತಿಂಗಳಿಗೆ ಏಳೆಂಟು ನೂರು ಯುರೋ ದಾಟುವುದು ಸಾಮಾನ್ಯ.

ಹೀಗೆ ಪರದಾಡುವವರನ್ನು ಹುಡುಕಿಕೊಂಡೇ ಮೋಸಗಾರರು ಬರುತ್ತಾರೆ. ಅಂತರ್ಜಾಲದಲ್ಲಿ ಚಂದದ ಫೋಟೋ, ಕಡಿಮೆ ಬಾಡಿಗೆ. "ನಾನು ಈಗ ಊರಲ್ಲಿಲ್ಲ, ಡೆಪಾಸಿಟ್ ಕಳಿಸಿ, ಕೀ ಪೋಸ್ಟಿನಲ್ಲಿ ಬರ್ತದೆ." ನಂಬಿಕೆ ಬರಲಿಕ್ಕೆ ಯಾರದ್ದೋ ಪಾಸ್‌ಪೋರ್ಟಿನ ಫೋಟೋವನ್ನೂ ಕಳಿಸುತ್ತಾರೆ. ವೀಸಾ ಏಜೆಂಟರಿಂದ ಹೀಗೆ ಮೋಸ ಹೋದವರು ನಮ್ಮಲ್ಲಿ ಎಷ್ಟು ಜನ ಇಲ್ಲ! ಈ ವಿಷಯದಲ್ಲಿ ಡಿಗ್ರಿ ಓದಿದ ಮಗನಿಗಿಂತ ನಮ್ಮ ಅನುಭವ ದೊಡ್ಡದು. ಆದರೆ ಅವನು ನಮ್ಮನ್ನು ಕೇಳುವುದಿಲ್ಲ, ನಾವೂ ಹೇಳುವುದಿಲ್ಲ.

"ಪಾರ್ಟ್ ಟೈಮ್ ಕೆಲಸ ಮಾಡಿ ಖರ್ಚು ನೋಡ್ಕೊಳ್ತಾನೆ" ಎನ್ನುವವರೂ ಇದ್ದಾರೆ. ಇದರ ಲೆಕ್ಕವನ್ನೂ ಸ್ವಲ್ಪ ನೋಡುವ. ನಮ್ಮ ದೇಶದಿಂದ ಹೋದ ವಿದ್ಯಾರ್ಥಿ ವಾರಕ್ಕೆ 16 ಗಂಟೆ ಮಾತ್ರ ದುಡಿಯಬಹುದು. ಇಲ್ಲದಿದ್ದರೆ ಜೂನ್, ಜುಲೈ, ಆಗಸ್ಟ್ ತಿಂಗಳಲ್ಲಿ ಪೂರ್ತಿ ದುಡಿಯಬಹುದು. ಅದಕ್ಕೂ ಕೆಲಸ ಕೊಡುವವನು ಪರ್ಮಿಟ್ ತೆಗೆಯಬೇಕು. ಆ ತಲೆಬಿಸಿ ಬೇಡವೆಂದು ಅನೇಕ ಅಂಗಡಿಯವರು ಬೇರೆಯವರನ್ನೇ ತಗೊಳ್ಳುತ್ತಾರೆ. 2024ರ ಆರಂಭದಲ್ಲಿ 21 ವರ್ಷ ದಾಟಿದವರಿಗೆ ಕನಿಷ್ಠ ಕೂಲಿ ಗಂಟೆಗೆ 13.27 ಯುರೋ ಇತ್ತು. 16 ಗಂಟೆಗೆ 212, ನಾಲ್ಕು ವಾರಕ್ಕೆ 849 ಯುರೋ. ಕೆಲಸಕ್ಕೆ ಸೇರಿದ ಕೂಡಲೇ ಅಲ್ಲಿನ ಆರೋಗ್ಯ ವಿಮೆ ಮಾಡಿಸುವುದು ಕಡ್ಡಾಯ. ಬಾಡಿಗೆಯೂ ವಿಮೆಯೂ ಕಳೆದರೆ ಕೈಯಲ್ಲಿ ಎಷ್ಟು ಉಳಿದೀತು? ಇನ್ನು ಫೀಸಿನ ಮಾತು. 2024-25ರಲ್ಲಿ ಯುರೋಪಿಯನ್ ಯೂನಿಯನ್ನಿನ ಮಕ್ಕಳಿಗೆ ಸರ್ಕಾರ ನಿಗದಿ ಮಾಡಿದ ಫೀಸು 2,530 ಯುರೋ. ನಮ್ಮ ಮಕ್ಕಳಿಗೆ ಅದು ಅನೇಕ ಕೋರ್ಸುಗಳಲ್ಲಿ ಹದಿನೈದು ಸಾವಿರ ಯುರೋ ದಾಟುತ್ತದೆ.

ಕದ್ದು ಮುಚ್ಚಿ ಹೆಚ್ಚು ದುಡಿದರೆ ಎರಡು ಕಡೆಯಿಂದ ಅಪಾಯ. ಕಾನೂನಿನ ಅಪಾಯ ಒಂದು. ಇನ್ನೊಂದು, ವರ್ಷಕ್ಕೆ ಬೇಕಾದ ಕ್ರೆಡಿಟ್‌ನಲ್ಲಿ ಕನಿಷ್ಠ ಅರ್ಧವನ್ನಾದರೂ ಪಾಸಾಗದಿದ್ದರೆ, ಅದಕ್ಕೆ ತಕ್ಕ ಕಾರಣವೂ ಇಲ್ಲದಿದ್ದರೆ, ವಿಶ್ವವಿದ್ಯಾಲಯ ವಲಸೆ ಇಲಾಖೆಗೆ ವರದಿ ಮಾಡಬೇಕು. ಆಮೇಲೆ ಪರ್ಮಿಟ್ ಹೋಗಬಹುದು. ರಾತ್ರಿ ಪಾತ್ರೆ ತೊಳೆದು, ಬೆಳಿಗ್ಗೆ ಕ್ಲಾಸು ತಪ್ಪಿಸಿ, ಕೊನೆಗೆ ಡಿಗ್ರಿಯೂ ಇಲ್ಲ, ದುಡ್ಡೂ ಇಲ್ಲ ಎಂದಾಗುವುದು ಬೇಡ.

ನಮಗೆ ಎಲ್ಲಕ್ಕಿಂತ ಹೆಚ್ಚು ಚಿಂತೆ ಇರುವುದು ಇನ್ನೊಂದು ವಿಷಯದಲ್ಲಿ. ಗಲ್ಫಿನಿಂದ ಫೋನು ಮಾಡುವಾಗ ನಾವು ಉಮ್ಮನಿಗೆ ಏನು ಹೇಳುತ್ತಿದ್ದೆವು? "ಆರಾಮ, ಎಂತ ತೊಂದರೆ ಇಲ್ಲ." ಸಂಬಳ ಮೂರು ತಿಂಗಳು ಆಗದಿದ್ದರೂ ಆರಾಮ, ಜ್ವರದಲ್ಲಿ ಮಲಗಿದ್ದರೂ ಆರಾಮ. ಅದೇ ಮಾತನ್ನು ಈಗ ನಮ್ಮ ಮಕ್ಕಳು ನಮಗೆ ಹೇಳುತ್ತಿದ್ದಾರೆ. ಸ್ನೇಹಿತನ ರೂಮಿನ ನೆಲದಲ್ಲಿ ಮಲಗುತ್ತಾ, ವಾರಕ್ಕೊಮ್ಮೆ ಹಾಸ್ಟೆಲು ಬದಲಿಸುತ್ತಾ ಆರಾಮ ಎನ್ನುತ್ತಾರೆ. ಡಿಸೆಂಬರಿನಲ್ಲಿ ಅಲ್ಲಿ ಸಂಜೆ ನಾಲ್ಕೂವರೆಗೇ ಕತ್ತಲು. ಆ ಕತ್ತಲಲ್ಲಿ ಸೂಟ್‌ಕೇಸು ಎಳೆದುಕೊಂಡು ಹೋಗುವ ಹುಡುಗನಿಗೆ ಮನೆಯ ಆಧಾರಪತ್ರ ಬ್ಯಾಂಕಿನಲ್ಲಿದೆ, ತಂಗಿಯ ಚಿನ್ನ ಅಡವಿನಲ್ಲಿದೆ ಎಂಬುದು ಗೊತ್ತಿರುತ್ತದೆ. ಅದಕ್ಕೇ ಅವನು ಸತ್ಯ ಹೇಳುವುದಿಲ್ಲ. ನಾವೂ ಇಲ್ಲಿ ಓವರ್‌ಟೈಮ್ ಮಾಡಿ ಕಳಿಸುತ್ತಿರುವುದನ್ನು ಅವನಿಗೆ ಹೇಳುವುದಿಲ್ಲ. ಇಬ್ಬರೂ ಪ್ರೀತಿಯಿಂದಲೇ ಸುಳ್ಳು ಹೇಳುತ್ತೇವೆ. ಸಮಸ್ಯೆ ಸಣ್ಣದಿರುವಾಗ ಗೊತ್ತಾಗುವುದಿಲ್ಲ, ಕೈಮೀರಿದ ಮೇಲೆ ಗೊತ್ತಾಗುತ್ತದೆ.

ಹಾಗೆಂದು ಯಾರೂ ಹೋಗಬಾರದೆಂದು ನಾವು ಹೇಳುತ್ತಿಲ್ಲ. ಅಲ್ಲಿನ ಓದು ಒಳ್ಳೆಯದು, ಇಂಗ್ಲಿಷಿನಲ್ಲಿ ದಿನ ಕಳೆಯಬಹುದು, ಡಿಗ್ರಿ ಮುಗಿದ ಮೇಲೆ ಕೆಲಸ ಹುಡುಕಲು ಒಂದು ವರ್ಷದ ಪರ್ಮಿಟ್ ಸಿಗುತ್ತದೆ. ಮಸೀದಿಗೂ ಹಲಾಲ್ ಅಂಗಡಿಗೂ ಕೊರತೆಯಿಲ್ಲ. ಆದರೆ ಅವುಗಳನ್ನು ಕಟ್ಟಿದವರು ಯಾರು ಎಂಬುದನ್ನೂ ತಿಳಿದಿರಬೇಕು. 1964ರಲ್ಲಿ ಟರ್ಕಿಯ ಜೊತೆ, 1969ರಲ್ಲಿ ಮೊರಾಕ್ಕೊ ಜೊತೆ ನೆದರ್ಲೆಂಡ್ಸ್ ಒಪ್ಪಂದ ಮಾಡಿಕೊಂಡು ಕೂಲಿಗಳನ್ನು ಕರೆಸಿಕೊಂಡಿತು. ನಮ್ಮ ಹಾಗೆಯೇ ಎರಡು ವರ್ಷ ದುಡಿದು ವಾಪಸಾಗುತ್ತೇವೆಂದು ಬಂದವರು ಅವರು. ಹಲವರು ವಾಪಸಾಗಲಿಲ್ಲ, ಕುಟುಂಬವನ್ನು ಕರೆಸಿಕೊಂಡರು, ಅಂಗಡಿ ಇಟ್ಟರು, ಮಸೀದಿ ಕಟ್ಟಿದರು. ಇವತ್ತು ನಮ್ಮ ಹುಡುಗ ಅಲ್ಲಿ ಹಲಾಲ್ ಕೋಳಿ ತಿನ್ನುತ್ತಿದ್ದರೆ ಅದು ಆ ಕಾರ್ಮಿಕರ ಬೆವರಿನಿಂದ. ಓದಿದ ಮಕ್ಕಳ ಮುಂದೆ ನಮ್ಮ ಅನುಭವ ಏನೂ ಅಲ್ಲ ಎಂದು ತಂದೆಯಂದಿರು ಸಣ್ಣಗಾಗುವುದು ಬೇಡ.

ಹಾಗಾದರೆ ಮಾಡಬೇಕಾದ್ದು ಏನು?

ಪ್ರವೇಶ ಪತ್ರ ಬಂದ ದಿನವೇ ವಿಶ್ವವಿದ್ಯಾಲಯದ ಮೂಲಕ ಸಿಗುವ ವಿದ್ಯಾರ್ಥಿ ವಸತಿಗೆ ಅರ್ಜಿ ಹಾಕಬೇಕು. ಫೀಸಿನ ಕೊನೆಯ ದಿನಾಂಕಕ್ಕಿಂತ ವಸತಿಯ ಕೊನೆಯ ದಿನಾಂಕ ಮುಖ್ಯ. ಆಮ್‌ಸ್ಟರ್‌ಡ್ಯಾಮೇ ಆಗಬೇಕೆಂಬ ಹಟ ಬೇಡ, ಬೇರೆ ಊರುಗಳಲ್ಲೂ ಒಳ್ಳೆಯ ವಿಶ್ವವಿದ್ಯಾಲಯಗಳಿವೆ. ನೋಡದ ರೂಮಿಗೆ, ಬರಹದಲ್ಲಿ ಕರಾರು ಇಲ್ಲದೆ, ದುಡ್ಡು ಕಳಿಸಲೇಬಾರದು. ನೋಂದಣಿ ಆಗ್ತದಾ ಎಂದು ಮೊದಲೇ ಕೇಳಬೇಕು. 2023ರ ಜುಲೈ 1ರಿಂದ ಜಾರಿಗೆ ಬಂದ ಕಾನೂನಿನ ಪ್ರಕಾರ ಹೊಸ ಕರಾರುಗಳಲ್ಲಿ ಡೆಪಾಸಿಟ್ ಎರಡು ತಿಂಗಳ ಮೂಲ ಬಾಡಿಗೆಗಿಂತ ಹೆಚ್ಚು ಕೇಳುವ ಹಾಗಿಲ್ಲ. ಆಮ್‌ಸ್ಟರ್‌ಡ್ಯಾಮಿನಲ್ಲಿ 'ವೋನ್' ಎಂಬ ಸಂಸ್ಥೆ ಬಾಡಿಗೆದಾರರಿಗೆ ಉಚಿತವಾಗಿ ಸಲಹೆ ಕೊಡುತ್ತದೆ, ಕೇಳಲಿಕ್ಕೆ ನಾಚಿಕೆ ಬೇಡ.

ಲೋನಿನ ಲೆಕ್ಕದಲ್ಲಿ ಮೂರು ತಿಂಗಳ ಖರ್ಚನ್ನು ಬೇರೆಯಾಗಿ ಇಡಬೇಕು. ಅಲ್ಪಸಂಖ್ಯಾತ ಮಕ್ಕಳ ವಿದೇಶ ವ್ಯಾಸಂಗದ ಸಾಲದ ಬಡ್ಡಿಗೆ ನೆರವಾಗುತ್ತಿದ್ದ ಕೇಂದ್ರದ 'ಪಢೋ ಪರದೇಶ್' ಯೋಜನೆ 2022-23ರಿಂದ ನಿಂತುಹೋಗಿದೆ. ಆದ್ದರಿಂದ ಬಡ್ಡಿಯ ಭಾರ ಪೂರ್ತಿ ಮನೆಯವರ ಮೇಲೆಯೇ ಎಂದು ತಿಳಿದು ಹೆಜ್ಜೆ ಇಡಬೇಕು.

ಜುಲೈ ಮುಗಿಯುವಾಗಲೂ ರೂಮು ಆಗದಿದ್ದರೆ? ಪ್ರವೇಶವನ್ನು ಮುಂದಿನ ವರ್ಷಕ್ಕೆ ಹಾಕಲು ಆಗ್ತದಾ ಎಂದು ಕೇಳಿ, ಆಗದಿದ್ದರೆ ಈ ವರ್ಷ ಬಿಟ್ಟುಬಿಡಿ ಎಂಬುದು ನಮ್ಮ ಸಲಹೆ. "ಮದುವೆ ಮನೆಯಲ್ಲಿ ಎಲ್ಲರಿಗೂ ಹೇಳಿ ಆಗಿದೆ, ಈಗ ಹೋಗದಿದ್ದರೆ ಮರ್ಯಾದೆ ಎಂತ?" ಎನ್ನಬೇಡಿ. ಒಂದು ವರ್ಷ ತಡವಾದರೆ ಮರ್ಯಾದೆ ಹೋಗುವುದಿಲ್ಲ.

ನಮ್ಮಂಥ ಸಂಘಟನೆಗಳಿಗೂ ಇಲ್ಲಿ ಕೆಲಸ ಉಂಟು. ಗಲ್ಫಿನಲ್ಲಿ ಏರ್‌ಪೋರ್ಟಿಗೆ ಬಂದ ಆ ಇಕ್ಕನ ಕೆಲಸವನ್ನು ಯುರೋಪಿನಲ್ಲೂ ಯಾರಾದರೂ ಮಾಡಬೇಕು. ಅಲ್ಲಿ ಓದಿ ಕೆಲಸಕ್ಕೆ ಸೇರಿದ ನಮ್ಮ ಮಕ್ಕಳು ಈಗ ಇದ್ದಾರೆ. ಯಾವ ಊರಿನಲ್ಲಿ ಯಾರಿದ್ದಾರೆ ಎಂಬ ಒಂದು ಪಟ್ಟಿ, ಹೊರಡುವ ಮೊದಲು ಅವರ ಜೊತೆ ಒಂದು ಮಾತುಕತೆ, ರೂಮನ್ನು ಕಣ್ಣಾರೆ ಹೋಗಿ ನೋಡಿ ಬರುವ ಒಬ್ಬ ಮನುಷ್ಯ. ಇಷ್ಟು ಆದರೆ ಎಷ್ಟೋ ಮನೆಯ ದುಡ್ಡು, ನಿದ್ದೆ ಉಳಿಯುತ್ತದೆ.

ಇವತ್ತು ರಾತ್ರಿ ಮಗನಿಗೋ ಮಗಳಿಗೋ ಫೋನು ಮಾಡುವಾಗ ಊಟ ಆಯ್ತಾ ಎಂದು ಕೇಳಿದ ಮೇಲೆ ಇದನ್ನೂ ಕೇಳಿ: "ಎಲ್ಲಿ ಮಲಗ್ತಿ? ಕ್ಯಾಮರಾ ತಿರುಗಿಸಿ ರೂಮು ಒಮ್ಮೆ ತೋರಿಸು." ಅವರು ನಿಜ ಹೇಳಿದರೆ ಬೈಯಬೇಡಿ.