ಹಳೇ ಬ್ಯಾಂಡ್ ಸಾ: ಮೊದಲು ಸ್ಟಾರ್ಟರ್, ಆಮೇಲೆ ಮೋಟರ್

ಯಾರಾದರೂ ಒಂದು ಹಳೇ ಬ್ಯಾಂಡ್ ಸಾ ತಂದು ಮನೆ ಹಿಂದಿನ ಶೆಡ್ಡಿನಲ್ಲಿ ಇಳಿಸಿದರು ಅಂತಿಟ್ಟುಕೊಳ್ಳಿ. ನೋಡಲು ಬಂದವರ ಮೊದಲ ಪ್ರಶ್ನೆ ಒಂದೇ: "ಮೋಟ್ರು ಎಷ್ಟು ಎಚ್‌ಪಿ ಗೌಡ್ರೇ?" ಒಂದು ಅಂದರೆ ಅವರ ಮುಖ ಸಪ್ಪೆಯಾಗುತ್ತದೆ. "ಎರಡಕ್ಕೆ ಏರಿಸ್ಬಿಡಿ, ಸಾಲಲ್ಲ." ಎರಡನೇ ಪ್ರಶ್ನೆ: "ಎಷ್ಟು ದಪ್ಪದ ಮರ ಹೋಗುತ್ತೆ?" ಆರಿಂಚು ಅಂದರೆ ಅದಕ್ಕೂ ಔಷಧಿ ಉಂಟು: "ಕಂಬದ ಮಧ್ಯೆ ಒಂದು ಬ್ಲಾಕ್ ಕೂರಿಸಿ ಎತ್ತರಿಸ್ಬಿಡಿ, ಹನ್ನೆರಡು ಇಂಚು ಹೋಗುತ್ತೆ!"

ಇವೆರಡಕ್ಕೂ ದುಡ್ಡು ಹಾಕಬೇಡಿ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಹಳೇ ಮೆಷಿನ್ನಿಗೆ ನಿಜವಾಗಿ ಬೇಕಾಗಿರೋದು ಬೇರೆಯೇ ಇದೆ. ಅದು ಅಗ್ಗ, ನೋಡೋಕೆ ಏನೂ ಚೆಂದ ಇಲ್ಲ, ಹಾಗಾಗಿಯೇ ಯಾರೂ ಕೇಳೋದಿಲ್ಲ.

ಮೊದಲು ಈ ಮೆಷಿನ್ ನಮ್ಮ ಕಡೆಯವರಿಗೆ ಯಾಕೆ ಅಂತ ಹೇಳಿಬಿಡುತ್ತೇನೆ. ಅರೇಹಳ್ಳಿ, ಬಿಕ್ಕೋಡು ಸುತ್ತಮುತ್ತ ಕಾಫಿ ತೋಟ ಇರುವವರ ಬಳಿ ಮರಕ್ಕೆ ಬರ ಇಲ್ಲ. ನೆರಳಿಗೆ ಅಂತ ಬೆಳೆಸಿದ, ಮೆಣಸಿನ ಬಳ್ಳಿ ಹಬ್ಬಿಸಿದ ಸಿಲ್ವರ್ ಮರ ಸಾಲು ಸಾಲು ನಿಂತಿದೆ. ಆಸ್ಟ್ರೇಲಿಯಾದಿಂದ ಬಂದ ಮರ ಅದು, ನಾವು ಅದನ್ನು ಮರ ಅಂತಲೇ ಲೆಕ್ಕಕ್ಕೆ ಹಿಡಿಯಲ್ಲ. ಲಾರಿ ಲೋಡಿನಲ್ಲಿ ಪ್ಲೈವುಡ್ಡಿಗೆ, ಪ್ಯಾಕಿಂಗ್ ಪೆಟ್ಟಿಗೆಗೆ ಕಳಿಸುತ್ತೇವೆ. ಆಮೇಲೆ ಪೇಟೆಗೆ ಹೋಗಿ ಅದೇ ಪ್ಲೈವುಡ್ಡಿನ ಕಪಾಟು ತರುತ್ತೇವೆ! ಸಿಲ್ವರ್ ಮರವನ್ನು ತಿರುಳಿನಿಂದ ತೊಗಟೆಯ ದಿಕ್ಕಿಗೆ ಸೀಳಿ ನೋಡಿ, ಹಲಗೆಯ ಮೇಲೆ ಲೇಸು ಹೆಣೆದಂಥ ಚಿತ್ತಾರ ಬರುತ್ತೆ. ಹಲಸಿನ ಹಳದಿ ಬಗ್ಗೆ ನಾನು ಹೇಳಬೇಕಿಲ್ಲ. ಕಿತ್ತ ಹಳೇ ಕಾಫಿ ಗಿಡದ ಬೊಡ್ಡೆ ಕೂಡ ಒಲೆಗೆ ಹೋಗುವಷ್ಟು ಕಡಿಮೆ ಮರವಲ್ಲ. ಹಿಡಿ, ಕಾಲು, ಗೂಟ ಮಾಡಲು ಗಟ್ಟಿ.

ಇಂಥ ಚಿಕ್ಕ, ಡೊಂಕು ಮರಕ್ಕೆ ಬ್ಯಾಂಡ್ ಸಾ ಹೇಳಿ ಮಾಡಿಸಿದ ಮೆಷಿನ್. ಬ್ಲೇಡು ತೆಳು, ಆದ್ದರಿಂದ ಪುಡಿಯಾಗಿ ಹೋಗುವ ಮರ ಕಡಿಮೆ. ಹಲ್ಲು ಯಾವಾಗಲೂ ಕೆಳಕ್ಕೇ ಎಳೆಯುವುದರಿಂದ, ದುಂಡು ಬ್ಲೇಡಿನ ಮೆಷಿನ್ನಿನ ಹಾಗೆ ಹಲಗೆಯನ್ನು ಎದೆಗೆ ಎಸೆಯೋದಿಲ್ಲ. ಹಾಗಂತ ಪಾಪದ ಮೆಷಿನ್ ಅಲ್ಲ. ಸಾಧಾರಣವಾಗಿ ಸಿಗುವ 14 ಇಂಚು ಚಕ್ರದ ಮೆಷಿನ್ನಿನಲ್ಲಿ ಬ್ಲೇಡು ಸೆಕೆಂಡಿಗೆ ಸುಮಾರು 15 ಮೀಟರ್ ಓಡುತ್ತೆ. ಅದಕ್ಕೆ ಮರ ಯಾವುದು, ಬೆರಳು ಯಾವುದು ಅನ್ನುವ ಭೇದ ಇಲ್ಲ.

ಈಗ ಮೋಟರಿಗೆ ಬರೋಣ.

ನಮ್ಮಲ್ಲಿ ಮೆಷಿನ್ ಏದುಸಿರು ಬಿಡುವುದಕ್ಕೆ ಹೆಚ್ಚಿನ ಸಲ ಕಾರಣ ವೋಲ್ಟೇಜು, ಎಚ್‌ಪಿ ಅಲ್ಲ. ಇಂಡಕ್ಷನ್ ಮೋಟರಿನ ಎಳೆಯುವ ಬಲ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಇಳಿಯುತ್ತೆ. 230 ಇರಬೇಕಾದ ಕಡೆ 180 ಬಂದರೆ, ಬಲ ನೂರಕ್ಕೆ ಸುಮಾರು 61ಕ್ಕೆ ಬಂದು ನಿಂತಿರುತ್ತೆ. ಅಲ್ಲಿಗೆ ಎರಡು ಎಚ್‌ಪಿ ಮೋಟರ್ ತಂದು ಹಾಕಿದರೆ ಅದು ಇನ್ನಷ್ಟು ಕರೆಂಟ್ ಎಳೆದು ವೋಲ್ಟೇಜನ್ನು ಮತ್ತೂ ಕೆಳಕ್ಕೆ ತರುತ್ತೆ. ಲೈನಿನ ವೋಲ್ಟೇಜು ನಮ್ಮ ಕೈಯಲ್ಲಿಲ್ಲ, ಸರಿ. ಮನೆಯಿಂದ ಶೆಡ್ಡಿಗೆ ಎಳೆದ ವೈರ್ ಮಾತ್ರ ನಮ್ಮ ಕೈಯಲ್ಲೇ ಇದೆ. 40 ಮೀಟರ್ ದೂರಕ್ಕೆ 1.5 ಚದರ ಮಿ.ಮೀ. ತಾಮ್ರದ ವೈರ್ ಎಳೆದಿದ್ದೀರಿ, ಮೋಟರ್ ಸ್ಟಾರ್ಟ್ ಆಗುವಾಗ 30 ಆಂಪಿಯರ್ ಎಳೆಯುತ್ತೆ ಅನ್ನಿ. ಹೋಗಿ ಬರುವ 80 ಮೀಟರ್ ವೈರಿನಲ್ಲೇ 29 ವೋಲ್ಟ್ ಕಳೆದುಹೋಯಿತು. ಅದೇ 4 ಚದರ ಮಿ.ಮೀ. ಹಾಕಿದರೆ ಹೋಗುವುದು 11 ವೋಲ್ಟ್ ಅಷ್ಟೇ. ಒಳ್ಳೇ ವೈರು, ಸರಿಯಾದ ಅರ್ಥಿಂಗು: ಇದು ಮೊದಲ 'ಅಪ್‌ಗ್ರೇಡ್'. ಬೇಜಾರಿನ ಕೆಲಸ, ಆದರೆ ಮೆಷಿನ್ ಎರಡು ದಿನದಲ್ಲೇ ಬೇರೆ ಥರ ಮಾತಾಡುತ್ತೆ.

ಎರಡನೆಯದು ಸ್ಟಾರ್ಟರ್. ಇಡೀ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಡಿ ಅಂದರೆ ಇದನ್ನೇ ಹೇಳುತ್ತೇನೆ. ಹಳೇ ಮೆಷಿನ್ನುಗಳಲ್ಲಿ ಬಹಳಷ್ಟಕ್ಕೆ ಲೈಟಿಗೆ ಹಾಕುವಂಥ ಸ್ವಿಚ್ಚೇ ಇರುತ್ತೆ. ಜೂನ್ ಜುಲೈನಲ್ಲಿ ನಮ್ಮ ಕಡೆ ಕರೆಂಟ್ ಹೇಗೆ ಹೋಗಿ ಬರುತ್ತೆ ಗೊತ್ತಲ್ಲ? ಅರ್ಧ ಕೊಯ್ದಾಗ ಕರೆಂಟ್ ಹೋಯಿತು. ಸ್ವಿಚ್ ಆನ್ ಆಗಿಯೇ ಇದೆ. ಸಿಕ್ಕಿಕೊಂಡ ಮರವನ್ನು ಬಿಡಿಸಲು ಕೈ ಬ್ಲೇಡಿನ ಹತ್ತಿರ ಹೋಗಿದೆ. ಅಷ್ಟರಲ್ಲಿ ಕರೆಂಟ್ ಬಂತು... ಮುಂದಿನದನ್ನು ಬರೆಯಬೇಕಿಲ್ಲ.

ಪಂಪ್‌ಸೆಟ್ ಇರುವ ಮನೆಗೆಲ್ಲ ಗೊತ್ತಿರುವ ಡಿಒಎಲ್ ಸ್ಟಾರ್ಟರ್ ಇದಕ್ಕೆ ಸಾಕು. ಕರೆಂಟ್ ಹೋದ ಕೂಡಲೇ ಒಳಗಿನ ಕಾಯಿಲ್ ಬಿಟ್ಟುಕೊಳ್ಳುತ್ತೆ. ಮತ್ತೆ ಕರೆಂಟ್ ಬಂದರೂ ಹಸಿರು ಬಟನ್ ಒತ್ತುವ ತನಕ ಮೆಷಿನ್ ತಿರುಗೋದಿಲ್ಲ. ಓವರ್‌ಲೋಡ್ ರಿಲೇಯನ್ನು ಮೋಟರಿನ ನೇಮ್ ಪ್ಲೇಟಿನಲ್ಲಿ ಬರೆದಿರುವ ಆಂಪಿಯರಿಗೆ ಸೆಟ್ ಮಾಡಿಸಿದರೆ, ವೋಲ್ಟೇಜ್ ಬಿದ್ದಾಗ ಮೋಟರ್ ಸುಡುವುದೂ ತಪ್ಪುತ್ತೆ. ಬೆಲೆ ಹೊಸ ಮೋಟರಿನ ಒಂದು ಸಣ್ಣ ಪಾಲು. ಒಂದು ಎಚ್ಚರಿಕೆ: ತೋಟದ ಪಂಪಿಗೆ ಹಾಕಿರುವ ಆಟೋ ಸ್ಟಾರ್ಟರ್ ಬಿಚ್ಚಿ ತಂದು ಇಲ್ಲಿ ಹಾಕಬೇಡಿ. ಕರೆಂಟ್ ಬಂದ ಕೂಡಲೇ ತಾನೇ ಶುರುವಾಗುವುದು ಪಂಪಿಗೆ ವರ, ಗರಗಸಕ್ಕೆ ಶಾಪ.

ಮೋಟರಿಗಿಂತ ಪುಲ್ಲಿ ಕಡೆ ನೋಡುವುದು ಒಳ್ಳೆಯದು. ಮಾರಿದವರು ಕೈಗೆ ಸಿಕ್ಕ ಪುಲ್ಲಿ ಹಾಕಿರುತ್ತಾರೆ. 1440 ಸುತ್ತಿನ ಮೋಟರಿಗೆ 4 ಇಂಚಿನ ಪುಲ್ಲಿ, ಚಕ್ರದ ಕಡೆ 7 ಇಂಚಿನದು ಹಾಕಿದರೆ ಚಕ್ರ ನಿಮಿಷಕ್ಕೆ ಸುಮಾರು 820 ಸುತ್ತು ತಿರುಗುತ್ತೆ, ಬ್ಲೇಡಿನ ವೇಗ ನಿಮಿಷಕ್ಕೆ 3000 ಅಡಿ. 14 ಇಂಚಿನ ಮೆಷಿನ್ನಿಗೆ ಅದು ಸರಿಯಾದ ವೇಗ. ಇದಕ್ಕಿಂತ ಜಾಸ್ತಿ ಮಾಡಿದರೆ ಹಳೇ ಚಕ್ರ, ಹಳೇ ಬೇರಿಂಗ್ ಎರಡಕ್ಕೂ ಕಷ್ಟ.

ಆಮೇಲೆ ಚಕ್ರದ ಮೇಲಿನ ರಬ್ಬರ್. ಬಿರುಕು ಬಿಟ್ಟ, ಅಂಟಿನ ಹಾಗಾದ ರಬ್ಬರಿನ ಮೇಲೆ ಎಂಥ ಬ್ಲೇಡೂ ನೆಟ್ಟಗೆ ಓಡೋದಿಲ್ಲ. ಪೂರ್ತಿ ಕೆರೆದು ತೆಗೆದು ಹೊಸದನ್ನು ಕೂರಿಸಿ. ಮಧ್ಯದಲ್ಲಿ ತುಸು ಉಬ್ಬು ಇರಬೇಕು, ಬ್ಲೇಡನ್ನು ಹಿಡಿದು ನಿಲ್ಲಿಸುವುದೇ ಆ ಉಬ್ಬು. ಸೈಕಲ್ ಟ್ಯೂಬ್ ಸುತ್ತುವ ಉಪಾಯ ಹೇಳುವವರಿದ್ದಾರೆ, ಒಂದೇ ದಪ್ಪ ಬರದೆ ಬ್ಲೇಡು ಕುಣಿಯುತ್ತೆ. ಬೇರಿಂಗ್ ಬದಲಿಸುವಾಗ ಹಳೆಯದರ ಮೇಲಿನ ನಂಬರ್ ಬರೆದುಕೊಂಡು ಹೋಗಿ. ಕೊನೆಯಲ್ಲಿ 2ಆರ್‌ಎಸ್ ಅಂತ ಇರುವುದನ್ನು, ಅಂದರೆ ಎರಡೂ ಕಡೆ ರಬ್ಬರ್ ಮುಚ್ಚಳ ಇರುವುದನ್ನು ಕೇಳಿ. ಮರದ ಪುಡಿಯನ್ನು ತಗಡಿನ ಮುಚ್ಚಳಕ್ಕಿಂತ ಅದು ಚೆನ್ನಾಗಿ ತಡೆಯುತ್ತೆ. ಹಾಸನದಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್‌.ಜೆ.ಪಿ. ರಸ್ತೆ ಇದ್ದೇ ಇದೆ.

ಗೈಡುಗಳ ಕೆಲಸಕ್ಕೆ ದುಡ್ಡಿಗಿಂತ ತಾಳ್ಮೆ ಬೇಕು. ಪಕ್ಕದ ಗೈಡಿಗೂ ಬ್ಲೇಡಿಗೂ ಒಂದು ಹಾಳೆ ಕಾಗದ ತೂರುವಷ್ಟು ಸಂದು. ಗೈಡಿನ ಮುಂಚು ಹಲ್ಲಿನ ಬುಡದಿಂದ ತುಸು ಹಿಂದೆ. ಹಿಂದಿನ ಬೇರಿಂಗು ಖಾಲಿ ಓಡುವಾಗ ಬ್ಲೇಡನ್ನು ಮುಟ್ಟಬಾರದು, ಮರ ಒತ್ತಿದಾಗ ಮಾತ್ರ ತಿರುಗಬೇಕು. ಸವೆದ ಕಬ್ಬಿಣದ ಗೈಡಿನ ಬದಲು ಎಣ್ಣೆಯಲ್ಲಿ ನೆನೆಸಿದ ಗಟ್ಟಿ ಮರದ ತುಂಡು ಹಾಕಬಹುದು. ಸವೆದರೆ ಇನ್ನೊಂದು ತುಂಡು, ಖರ್ಚೇ ಇಲ್ಲ. ಕೊಯ್ಯುವಾಗ ಮೇಲಿನ ಗೈಡನ್ನು ಮರಕ್ಕೆ ಬೆರಳು ತೂರದಷ್ಟು ಹತ್ತಿರ ಇಳಿಸಿ. ಕೊಯ್ಲು ನೆಟ್ಟಗೂ ಬರುತ್ತೆ, ಬೆರಳೂ ಉಳಿಯುತ್ತೆ.

ಬ್ಲೇಡಿನ ವಿಷಯಕ್ಕೆ ಒಂಚೂರು ಇತಿಹಾಸ. ಈ ಮೆಷಿನ್ನಿನ ಕಲ್ಪನೆಗೆ ಇಂಗ್ಲೆಂಡಿನಲ್ಲಿ ವಿಲಿಯಂ ನ್ಯೂಬೆರಿ ಎಂಬಾತ ಹತ್ತೊಂಬತ್ತನೇ ಶತಮಾನದ ಮೊದಲ ದಶಕದಲ್ಲೇ ಪೇಟೆಂಟ್ ತೆಗೆದುಕೊಂಡಿದ್ದ. ಆದರೆ ಬೆಸುಗೆ ನಿಲ್ಲುವ ಬ್ಲೇಡು ಇಲ್ಲದೆ ದಶಕಗಳ ಕಾಲ ಅದು ಬಳಕೆಗೇ ಬರಲಿಲ್ಲ. 1846ರಲ್ಲಿ ಫ್ರಾನ್ಸಿನ ಆನ್ ಪೋಲಿನ್ ಕ್ರೆಪಿನ್ ಎಂಬ ಮಹಿಳೆ ಬ್ಲೇಡಿನ ತುದಿಗಳನ್ನು ಬೆಸೆಯುವ ವಿಧಾನಕ್ಕೆ ಪೇಟೆಂಟ್ ಪಡೆದ ಮೇಲೆ ದಾರಿ ತೆರೆಯಿತು. ಮೆಷಿನ್ ಅಂದರೆ ಬ್ಲೇಡೇ ಅನ್ನೋದು ಆಗಲೇ ಗೊತ್ತಾಗಿಹೋಗಿದೆ!

ಲೆಕ್ಕ ಹಾಕಿ: 14 ಇಂಚು ಚಕ್ರದ ಮೆಷಿನ್ನಿಗೆ ಸಾಮಾನ್ಯವಾಗಿ 93½ ಇಂಚು ಉದ್ದದ ಬ್ಲೇಡು. ಆ ಬೆಸುಗೆ ಸೆಕೆಂಡಿಗೆ 6 ಸಲಕ್ಕೂ ಹೆಚ್ಚು ಸುತ್ತು ಬರುತ್ತೆ, ಪ್ರತಿ ಸುತ್ತಿಗೂ ಎರಡು ಚಕ್ರದ ಮೇಲೆ ಬಗ್ಗುತ್ತೆ. 'ಟಕ್ ಟಕ್' ಅಂತ ಸದ್ದು ಬಂತೋ, ಆಗಲೇ ನಿಲ್ಲಿಸಿ ನೋಡಿ. ಒಂದೋ ಬೆಸುಗೆ ಸರಿಯಿಲ್ಲ, ಇಲ್ಲವೇ ಬಿರುಕು ಬಿಟ್ಟಿದೆ. ಮೆಷಿನ್ನಿನ ಜೊತೆ ಬಂದ ಹಳೇ ಬ್ಲೇಡುಗಳನ್ನು ಗುಜರಿಗೆ ಹಾಕಿ ಎರಡು ಹೊಸದು ತನ್ನಿ. ಹಲಗೆ ಸೀಳಲು ಅರ್ಧ ಇಂಚು ಅಗಲ, ಇಂಚಿಗೆ 3 ಹಲ್ಲು. ಡೊಂಕು ಕೆಲಸಕ್ಕೆ ಕಾಲು ಇಂಚು ಅಗಲ, ಇಂಚಿಗೆ 6 ಹಲ್ಲು. ದಪ್ಪ ಹಸಿ ಮರಕ್ಕೆ ಸಣ್ಣ ಹಲ್ಲಿನ ಬ್ಲೇಡು ಹಾಕಿದರೆ ಹಲ್ಲಿನ ಸಂದಿನಲ್ಲಿ ಪುಡಿ ತುಂಬಿ ಸುಡುತ್ತೆ, ಬ್ಲೇಡು ಓಡಾಡುತ್ತೆ. ಜನ ಇದನ್ನೇ "ಮೋಟ್ರಿಗೆ ತಾಕತ್ತಿಲ್ಲ" ಅನ್ನೋದು. ಹೊಸ ಬ್ಲೇಡು ಹಾಕಿದ ದಿನ ಎಷ್ಟೋ ಜನ ಎರಡು ಎಚ್‌ಪಿ ಮಾತು ಬಿಟ್ಟುಬಿಡುತ್ತಾರೆ.

ಇನ್ನು ಪರಿಕರಗಳು. ಎತ್ತರದ ಫೆನ್ಸ್ ಬೇಕು, ಅದನ್ನು ಅಂಗಡಿಯಿಂದ ತರಬೇಕಿಲ್ಲ. ನೆಟ್ಟಗಿನ ಎರಡು ಹಲಗೆಯನ್ನು ಎಲ್ ಆಕಾರಕ್ಕೆ ಜೋಡಿಸಿ ಕ್ಲ್ಯಾಂಪ್ ಹಾಕಿದರೆ ಆಯಿತು. ದುಂಡು ಮರ ಕೊಯ್ಯಲು ತಳ್ಳುಹಲಗೆ ಬೇಕೇ ಬೇಕು. ದುಂಡನೆಯ ಬೊಡ್ಡೆಯನ್ನು ಬರಿಗೈಯಲ್ಲಿ ಹಿಡಿದು ಬ್ಲೇಡಿಗೆ ಕೊಟ್ಟರೆ ಅದು ಗಿರ್ರನೆ ಉರುಳುತ್ತೆ, ಕೈಯನ್ನೂ ಎಳೆದುಕೊಂಡು. ಹಲಗೆಯ ಮೇಲಿಟ್ಟು ಸ್ಕ್ರೂ ಬಿಗಿದು, ಹಲಗೆಯನ್ನೇ ತಳ್ಳಬೇಕು. ಕೆಳಚಕ್ರಕ್ಕೆ ತಾಗುವಂತೆ ಒಂದು ಹಳೇ ಟೂತ್ ಬ್ರಷ್ ಕೂರಿಸಿ, ರಬ್ಬರಿಗೆ ಪುಡಿ ಮೆತ್ತಿಕೊಳ್ಳುವುದು ನಿಲ್ಲುತ್ತೆ. (ಇದಕ್ಕಿಂತ ಅಗ್ಗದ ಪರಿಕರ ಇದ್ದರೆ ಹೇಳಿ!) ಬ್ಲೇಡಿನ ಕೆಳಗೆ ವ್ಯಾಕ್ಯೂಮ್ ಪೈಪು, ಮುಖಕ್ಕೆ ಒಳ್ಳೇ ಮಾಸ್ಕು. ಸಿಲ್ವರ್ ಮರದ ಪುಡಿ ಕೆಲವರಿಗೆ ಮೈ ತುರಿಕೆ ತರುತ್ತೆ. ಮರದ ಪುಡಿಯನ್ನು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ಮಳೆಗಾಲದಲ್ಲಿ ಎರಕದ ಟೇಬಲ್ಲಿಗೆ ಮೇಣ ಹಚ್ಚಿ ಉಜ್ಜಿ. ಕೊಬ್ಬರಿ ಎಣ್ಣೆ ಬೇಡ, ಜಿಡ್ಡಾಗಿ ಮರಕ್ಕೆ ಕಲೆ ಹಿಡಿಯುತ್ತೆ. ವಾರಗಟ್ಟಲೆ ಕೆಲಸ ಇಲ್ಲದಿದ್ದರೆ ಬ್ಲೇಡಿನ ಬಿಗಿ ಸಡಿಲಿಸಿ, ಸ್ಟಾರ್ಟರಿಗೆ 'ಬಿಗಿ ಇಲ್ಲ' ಅಂತ ಒಂದು ಚೀಟಿ ನೇತುಹಾಕಿ.

ಎತ್ತರಿಸುವ ಬ್ಲಾಕ್ ಯಾಕೆ ಬೇಡ? ಅದನ್ನು ಹಾಕಿದರೆ ಬ್ಲೇಡು 105 ಇಂಚಿನದು ಬೇಕು, ಇರುವುದೆಲ್ಲ ದಂಡ. ಲೇತಿನಲ್ಲಿ ಮಾಡಿಸಿದ ಬ್ಲಾಕ್ ಕೂದಲೆಳೆ ಓರೆಯಾದರೂ ಎರಡು ಚಕ್ರ ಒಂದೇ ನೇರಕ್ಕೆ ಬರೋದಿಲ್ಲ. ಎಲ್ಲ ಸರಿಯಾದರೂ ಹನ್ನೆರಡು ಇಂಚು ಮರ ಸೀಳಲು ಬೇಕಾದ ಬಿಗಿಗೆ ಆ ಕಂಬ ಬಗ್ಗುತ್ತೆ. ಅಷ್ಟು ದಪ್ಪದ ದಿಮ್ಮಿ ಇದ್ದರೆ ಲೈಸೆನ್ಸ್ ಇರುವ ಸಾಮಿಲ್ಲಿಗೆ ಕೊಡಿ. ಒಂದು ಗಂಟೆ ಕೆಲಸ ಅವರಿಗೆ.

ಕಾನೂನಿನ ಮಾತೂ ಇಲ್ಲೇ ಬರುತ್ತೆ. ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲಿ ಕೊಟ್ಟ ಆದೇಶದ ನಂತರ ಸಾಮಿಲ್‌ಗಳ ಮೇಲೆ ಕಣ್ಣು ಬಿಗಿಯಾಗಿದೆ, 2016ರಲ್ಲಿ ಕೇಂದ್ರ ಸರ್ಕಾರ ಮರ ಆಧಾರಿತ ಉದ್ಯಮಗಳಿಗೆ ಮಾರ್ಗಸೂಚಿಯನ್ನೂ ತಂದಿದೆ. ದಿಮ್ಮಿ ಸೀಳುವುದು, ನೆಂಟರ ಮರ ಕೊಯ್ದು ಕೊಡುವುದು ಶುರುವಾದರೆ ನಿಮ್ಮ ಶೆಡ್ಡು ಯಾವಾಗ ಸಾಮಿಲ್ ಆಯಿತು ಅಂತ ನಿಮಗೇ ಗೊತ್ತಾಗಲ್ಲ. ಮೆಷಿನ್ ಕೂರಿಸುವ ಮೊದಲೇ ನಿಮ್ಮ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಕೇಳಿಕೊಂಡು ಬನ್ನಿ. ಬೀಟೆಯ ತಂಟೆಗಂತೂ ಕಾಗದ ಪತ್ರ ಇಲ್ಲದೆ ಹೋಗಲೇಬೇಡಿ.

"ಇಷ್ಟೆಲ್ಲ ಮಾಡೋ ಬದಲು ಹೊಸದೇ ತಗೋಬಹುದಲ್ಲ?" ಅಂತ ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಕಂಬದಲ್ಲಿ ಬಿರುಕು, ಚಕ್ರದಲ್ಲಿ ಓಲಾಟ, ಟೇಬಲ್ಲಿನಲ್ಲಿ ಸೊಟ್ಟ, ಈ ಮೂರರಲ್ಲಿ ಒಂದಿದ್ದರೂ ಹಳೆಯದನ್ನು ಬಿಟ್ಟು ಬನ್ನಿ, ಎಷ್ಟೇ ಅಗ್ಗವಾಗಲಿ. ಮೂರೂ ಸರಿಯಿದ್ದರೆ ಆ ಹಳೇ ಎರಕದ ತೂಕ, ಅದುರದೆ ನಿಲ್ಲುವ ಗುಣ, ಅದೇ ಬೆಲೆಯ ಹೊಸ ತಗಡಿನ ಮೆಷಿನ್ನಿನಲ್ಲಿ ಸಿಗೋದಿಲ್ಲ. ನಾನು ಹೇಳಿದ ಕೆಲಸಗಳೆಲ್ಲ ಸವೆಯುವ ಭಾಗಕ್ಕೆ ಸಂಬಂಧಿಸಿದ್ದು. ಹೊಸ ಮೆಷಿನ್ನಿಗೂ ನಾಲ್ಕು ವರ್ಷಕ್ಕೆ ಇವು ಬರುವಂಥವೇ.

ಕೊನೆಯದಾಗಿ ಒಂದು ಮಾತು. ತೋಟದ ಮನೆಯಲ್ಲಿ ಮೆಷಿನ್ ಮುಂದೆ ನಿಲ್ಲುವವರು ಯಾವಾಗಲೂ ಅದನ್ನು ಕೊಂಡವರೇ ಆಗಿರೋದಿಲ್ಲ. "ಇದೊಂದು ರೀಪರ್ ಕೊಯ್ದುಬಿಡು" ಅಂದರೆ ಇಲ್ಲ ಅನ್ನಲಾಗದ ಕೆಲಸದ ಹುಡುಗ ನಿಲ್ಲುತ್ತಾನೆ, ಆಚಾರ್ರ ಜೊತೆ ಬಂದ ಮಗ ನಿಲ್ಲುತ್ತಾನೆ. ಎಚ್‌ಪಿ ಎಷ್ಟು ಅಂತ ಅವರು ಕೇಳಿರೋದಿಲ್ಲ. ಚಕ್ರದ ಬಾಗಿಲು ಕಿತ್ತುಹೋಗಿದ್ದರೆ ಮೊದಲು ತಗಡು ಕತ್ತರಿಸಿ ಮುಚ್ಚಿಸಿ. ಕೆಂಪು ಬಟನ್ ಕೈಗೆಟಕುವಲ್ಲಿ ಇರಲಿ. ಬಟನ್ ಒತ್ತಿದ ಮೇಲೂ ಚಕ್ರ ಸ್ವಲ್ಪ ಹೊತ್ತು ತಿರುಗುತ್ತೆ, ಅಲ್ಲಿಯ ತನಕ ಕೈ ಹಿಂದೆ ಅನ್ನುವುದನ್ನು ಮನೆಯಲ್ಲಿ ಪ್ರತಿಯೊಬ್ಬರಿಗೂ ಒಮ್ಮೆ ತೋರಿಸಿಕೊಡಿ. ಅಷ್ಟು ಆದ ಮೇಲೂ ದುಡ್ಡು ಮಿಕ್ಕಿದ್ದರೆ ಇನ್ನೊಂದು ಬ್ಲೇಡು ತನ್ನಿ.