ಒಂದೇ ಬರಹ, ಹಲವು ವೇಷ

ಜಾಲಪುಟ ರಚನೆ ಕಲಿಯಲು ಹೊರಟ ವಿದ್ಯಾರ್ಥಿಗೆ ಮೊದಲು ಸೂಝುವುದು ಚಿತ್ರಗಳನ್ನು ತುಂಬುವುದು. ಶೀರ್ಷಿಕೆಗೊಂದು ಚಿತ್ರ, ಗುಂಡಿಗೊಂದು ಚಿತ್ರ, ಬಾಣದ ಗುರುತಿಗೂ ಒಂದು ಚಿತ್ರ. ನೋಡಲೇನೋ ಚೆನ್ನ. ಆದರೆ ದೃಷ್ಟಿಯಿಲ್ಲದವರಿಗೆ ಪುಟವನ್ನು ಓದಿ ಹೇಳುವ ತಂತ್ರಾಂಶ, ಚಿತ್ರದೊಳಗೆ ಸೇರಿಹೋದ ಅಕ್ಷರಗಳ ಮುಂದೆ ತಡವರಿಸುತ್ತದೆ. ಅಲಂಕಾರ ಉಳಿದು ಅರ್ಥ ಕಳೆದುಹೋಗುತ್ತದೆ.

ಬರಹ ಬೇರೆ, ಅಲಂಕಾರ ಬೇರೆ ಇರಲಿ ಎಂಬುದೇ ಇದಕ್ಕೆ ಪರಿಹಾರ. ನಾರ್ವೆಯ ಹೋಕೋನ್ ವಿಯುಮ್ ಲೀ 1994ರ ಅಕ್ಟೋಬರ್‌ನಲ್ಲಿ ಇಂಥದೊಂದು ಪ್ರಸ್ತಾವ ಮುಂದಿಟ್ಟರು. ಆಗ ಅವರು ಜಿನೀವಾ ಬಳಿಯ ಸರ್ನ್ ಸಂಶೋಧನಾ ಕೇಂದ್ರದಲ್ಲಿದ್ದರು. ಸಿಎಸ್‌ಎಸ್ ಎಂಬ ಆ ಶೈಲಿಭಾಷೆಯ ಮೊದಲ ಆವೃತ್ತಿ 1996ರ ಡಿಸೆಂಬರ್‌ನಲ್ಲಿ ಅಂಗೀಕೃತವಾಯಿತು. ಪುಟದಲ್ಲಿ ಏನಿದೆ ಎಂಬುದನ್ನು ಎಚ್‌ಟಿಎಂಎಲ್ ಹೇಳಿದರೆ, ಅದು ಹೇಗೆ ಕಾಣಬೇಕೆಂಬುದನ್ನು ಸಿಎಸ್‌ಎಸ್ ಹೇಳುತ್ತದೆ.

ಇದರ ಶಕ್ತಿಯನ್ನು ತೋರಿಸಿಕೊಟ್ಟವರು ಕೆನಡಾದ ಡೇವ್ ಶೇ. 2003ರಲ್ಲಿ ಅವರು ಆರಂಭಿಸಿದ ‘ಸಿಎಸ್‌ಎಸ್ ಝೆನ್ ಗಾರ್ಡನ್’ ತಾಣದ ಷರತ್ತು ಒಂದೇ: ಬರಹದ ಕಡತವನ್ನು ಮುಟ್ಟಕೂಡದು, ಶೈಲಿಯ ಕಡತವನ್ನು ಮಾತ್ರ ಬದಲಿಸಬೇಕು. ಒಂದೇ ಪ್ರಸಂಗವನ್ನು ಬೇರೆ ಬೇರೆ ಮೇಳಗಳು ಆಡಿದಂತೆ, ವಿನ್ಯಾಸಕಾರರು ಒಂದೇ ಪುಟವನ್ನು ಗುರುತೇ ಸಿಗದಷ್ಟು ಬದಲಿಸಿ ತೋರಿಸಿದರು.

ಮನೆಯಲ್ಲೇ ಮಾಡಬಹುದಾದ ಒಂದು ಪ್ರಯೋಗವಿದೆ. ಖಾಲಿ ಪೆಟ್ಟಿಗೆಯೊಂದರ ನಾಲ್ಕೂ ಅಂಚುಗಳಿಗೆ 50 ಪಿಕ್ಸೆಲ್ ದಪ್ಪ, ನಾಲ್ಕು ಬಣ್ಣ ಕೊಡಬೇಕು. ಬಡಗಿ ಫೋಟೋ ಚೌಕಟ್ಟಿನ ಪಟ್ಟಿಗಳನ್ನು ಓರೆಯಾಗಿ ಕೊಯ್ದು ಕೂಡಿಸುವಂತೆ, ಅಂಚುಗಳೂ ಮೂಲೆಗಳಲ್ಲಿ ಓರೆಯಾಗಿ ಸೇರುತ್ತವೆ. ಈಗ ಪೆಟ್ಟಿಗೆಯ ಅಗಲ, ಎತ್ತರ ಎರಡನ್ನೂ ಸೊನ್ನೆ ಮಾಡಿದರೆ ಉಳಿಯುವುದು ನಾಲ್ಕು ತ್ರಿಕೋನ. ಮೇಲಿನ ಅಂಚಿನ ಬಣ್ಣವನ್ನು ಉಳಿಸಿಕೊಂಡು ಮಿಕ್ಕ ಮೂರನ್ನು ಪಾರದರ್ಶಕ ಮಾಡಿದರೆ ಕೆಳಮುಖದ ಬಾಣ ಸಿದ್ಧ! ಚಿತ್ರದ ಹಂಗೇ ಇಲ್ಲ. ಹಾಗೆಯೇ, ಚೌಕದ ಮೂಲೆಗಳನ್ನು ಶೇಕಡಾ 50ರಷ್ಟು ದುಂಡಾಗಿಸಿದರೆ ವೃತ್ತವಾಗುತ್ತದೆ.

ಪೋಷಕರು ಇದಕ್ಕಾಗಿ ದುಬಾರಿ ತಂತ್ರಾಂಶ ಕೊಳ್ಳಬೇಕಿಲ್ಲ. ನೋಟ್‌ಪ್ಯಾಡ್, ಒಂದು ಬ್ರೌಸರ್ ಇಷ್ಟಿದ್ದರೆ ಸಾಕು. ಮಕ್ಕಳ ಕೆಲಸವನ್ನು ಪರೀಕ್ಷಿಸುವುದೂ ಸುಲಭ. ಶೈಲಿಯ ಕಡತವನ್ನು ತೆಗೆದಿಟ್ಟು ಪುಟವನ್ನು ಮೊದಲಿನಿಂದ ಕೊನೆಯವರೆಗೆ ಓದಬೇಕು. ವೇಷ ಕಳಚಿದ ಮೇಲೂ ವಿಷಯ ಕ್ರಮವಾಗಿ ಅರ್ಥವಾದರೆ ಕಲಿತದ್ದು ಸರಿಯಾಗಿದೆ ಎಂದೇ ಅರ್ಥ.