ಮನೆವಾರ್ತೆ: ಗೋಡೆಗೆ ಯಾವ ಬಣ್ಣ?

ಮಳೆಗಾಲ ಮುಗಿದು ದೀಪಾವಳಿ ಹತ್ತಿರ ಬಂದಿತೆಂದರೆ ಮುಂಬಯಿಯ ಕಡೆಯ ಸಂಸಾರವಂದಿಗರಿಗೆ ಒಂದು ಚಿಂತೆ ತಪ್ಪಿದ್ದಲ್ಲ. ನಾಲ್ಕು ತಿಂಗಳ ಮಳೆ ಗೋಡೆಯ ಮೇಲೆ ಬರೆದಿಟ್ಟ ನಕಾಶೆಗಳನ್ನು ನೋಡಿಯೂ ಸುಮ್ಮನಿರುವ ಗೃಹಿಣಿಯನ್ನು ನಾವಂತೂ ಕಂಡಿಲ್ಲ. ಡೊಂಬಿವಲಿಯ ನಮ್ಮ ಎರಡು ಕೋಣೆಗಳ ಬಿಡಾರದಲ್ಲಿ ಹೋದ ವರ್ಷ ನಡೆದದ್ದನ್ನು ಈ ಸಲ ವಾಚಕರ ಮುಂದಿಡುತ್ತೇವೆ.

ಅಂಗಡಿಯಿಂದ ಬಣ್ಣದ ಪುಸ್ತಕ ತಂದೆವು. ನಮ್ಮ ಬಾಲ್ಯದಲ್ಲಿ ಏಶ್ಯನ್ ಪೇಂಟ್ಸ್ ಡಬ್ಬಿಯ ಮೇಲೆ ಕೈಯಲ್ಲಿ ಕುಂಚ ಹಿಡಿದ ತುಂಟ ಹುಡುಗ ‘ಗಟ್ಟು’ ಇರುತ್ತಿದ್ದ. 1954ರಲ್ಲಿ ಅವನನ್ನು ಬರೆದವರು ಮೈಸೂರಿನಿಂದ ಮುಂಬಯಿಗೆ ಬಂದ ಆರ್. ಕೆ. ಲಕ್ಷ್ಮಣರು. ಈಗಿನ ಪುಸ್ತಕದಲ್ಲಿ ಹುಡುಗನಿಲ್ಲ, ಅಂಚೆಚೀಟಿಯಷ್ಟಗಲದ ನೂರಾರು ಬಣ್ಣಗಳಿವೆ. ನಮ್ಮಾಕೆ ತಿಳಿಹಸಿರು ಎಂದಳು. ಮಗಳು ಗುಲಾಬಿ ಎಂದಳು. ನಾವು ಕೆನೆಬಣ್ಣ ಎಂದೆವು. “ಕಚೇರಿ ಗ್ವಾಡಿ ಕಚೇರ್ಯಾಗ ಇರ್ಲಿ, ಮನೀಗೆ ಬ್ಯಾಡ್ರಿ” ಎಂಬ ತೀರ್ಪು ಬಂತು. ಕಡೆಗೆ ಯಾರಿಗೂ ಬೇಸರವಾಗಬಾರದೆಂದು ಗೋಡೆ, ಬಾಗಿಲು, ಬಾಗಿಲವಾಡ ಎಲ್ಲಕ್ಕೂ ಬಿಳಿಯನ್ನೇ ಹೊಡೆಸಿದೆವು. ನೆಲದ ಹಾಸೂ ಬಿಳಿಯೇ. ಮನೆ ದೊಡ್ಡದಾಗಿ ಕಾಣುತ್ತದೆಂದು ನೆರೆಯವರು ಹೊಗಳಿದರು.

ಅವ್ವನನ್ನು ಮಾತ್ರ ಯಾರೂ ಕೇಳಿರಲಿಲ್ಲ. ಅಪ್ಪ ತೀರಿದ ಮೇಲೆ ಧಾರವಾಡದ ಕಡೆಯ ಹಳ್ಳಿಯಿಂದ ಆಕೆ ನಮ್ಮಲ್ಲಿಗೆ ಬಂದು ಒಂದು ವರ್ಷವಾಗಿತ್ತು. ಎರಡೂ ಕಣ್ಣಿಗೆ ಪೊರೆ. ಬಣ್ಣ ಒಣಗಿದ ಮೂರನೆಯ ರಾತ್ರಿ ನೀರಿಗೆಂದು ಎದ್ದವಳು ಅಡಿಗೆಮನೆಯ ಬಾಗಿಲವಾಡಕ್ಕೆ ಹಣೆ ಬಡಿಸಿಕೊಂಡಳು. ಗಾಯಕ್ಕೆ ಅರಿಸಿನ ಒತ್ತುತ್ತಿದ್ದಾಗ ಹೇಳಿದಳು: “ತಮ್ಮಾ, ಗ್ವಾಡಿ ಎಲ್ಲಿ ಮುಗೀತದ, ಬಾಗಲಾ ಎಲ್ಲಿ ಅದ, ಒಂದೂ ತಿಳ್ಯೂದಿಲ್ಲ. ನಮ್ಮನ್ಯಾಗ ಹುರಮಂಜಿನ ಪಟ್ಟಿ ಇರ್ತಿತ್ತು ನೋಡು.”

ಆ ಪಟ್ಟಿ ನಮಗೂ ನೆನಪಿತ್ತು. ಸುಣ್ಣದ ಗೋಡೆಯ ಬುಡಕ್ಕೆ ಒಂದು ಗೇಣು ಕೆಮ್ಮಣ್ಣು, ಹೊಸ್ತಿಲಿಗೂ ಅದೇ. ಅಲಂಕಾರವೆಂದು ತಿಳಿದಿದ್ದೆವು. ನೆಲ ಸಾರಿಸುವಾಗ ಸಿಡಿದ ಕೊಳೆ ಅದರಲ್ಲಿ ಕಾಣದು. ಚಿಮಣಿ ದೀಪದ ಮಂದ ಬೆಳಕಿನಲ್ಲೂ ನೆಲ ಮುಗಿದು ಗೋಡೆ ಶುರುವಾದದ್ದು ಕಾಣುತ್ತದೆ. ನಮ್ಮ ಬಣ್ಣದ ಪುಸ್ತಕಕ್ಕಿಂತ ಅವ್ವನ ಪಟ್ಟಿಯೇ ಜಾಣತನದ್ದಾಗಿತ್ತು.

ಮುಂದಿನ ರವಿವಾರವೇ ಬಾಗಿಲವಾಡಗಳಿಗೂ ಗೋಡೆಯ ಬುಡಕ್ಕೂ ಇಟ್ಟಿಗೆಗೆಂಪು ಹಚ್ಚಿಸಿದೆವು. ದೀಪದ ಗುಂಡಿಗಳ ಸುತ್ತಲೂ ಅದೇ ಬಣ್ಣದ ಚೌಕ. ಅವ್ವನ ಮಂಚವಿರುವ ಕೋಣೆ ಉತ್ತರಕ್ಕೆ ಮುಖಮಾಡಿದ್ದು, ಅಲ್ಲಿ ಬಿಸಿಲಿಲ್ಲ; ಹೊಸ ಬಿಳಿ ಅಲ್ಲಿ ಬೂದಿಯಂತೆ ಕಾಣುತ್ತಿತ್ತು. ಅದಕ್ಕೆ ತಿಳಿಹಳದಿ ಕೊಟ್ಟೆವು.

ಈ ದಂಡ ತೆತ್ತು ಕಲಿತದ್ದನ್ನು ಬರೆಯುತ್ತೇವೆ. ಅಂಚೆಚೀಟಿಯಷ್ಟು ಚೂರಿನಲ್ಲಿ ಮೆಲ್ಲಗಿರುವ ಬಣ್ಣ ನಾಲ್ಕು ಗೋಡೆಗೆ ಏರಿದಾಗ ಗಾಢವಾಗುತ್ತದೆ. ಮೆಚ್ಚಿದ್ದಕ್ಕಿಂತ ಒಂದು ಮೆಟ್ಟಿಲು ತಿಳಿಯಾದುದನ್ನು ಆರಿಸಿರಿ. ಮೊದಲು ಚಿಕ್ಕ ಡಬ್ಬಿ ತಂದು ಎರಡು ಅಡಿ ಚೌಕದ ದಪ್ಪ ರಟ್ಟಿಗೆ ಎರಡು ಕೈ ಹಚ್ಚಿ, ಗೋಡೆಯಿಂದ ಗೋಡೆಗೆ ಸರಿಸುತ್ತ ಬೆಳಿಗ್ಗೆ, ಮಧ್ಯಾಹ್ನ, ದೀಪ ಹಚ್ಚಿದ ಮೇಲೆ ನೋಡಿರಿ. 6500 ಕೆಲ್ವಿನ್ ಎಂದು ಬರೆದ ಬಲ್ಬು ನೀಲಿ ಛಾಯೆಯ ಬೆಳಕು ಕೊಡುತ್ತದೆ, 3000ದ್ದು ಹಳದಿ. ಒಂದೇ ಗೋಡೆ ಎರಡು ಬಲ್ಬಿಗೆ ಎರಡು ಬಣ್ಣ. ಪಶ್ಚಿಮದ ಬಿಸಿಲು ಹೊಡೆಯುವ ಕೋಣೆಗೆ ತಿಳಿಹಸಿರು, ತಿಳಿನೀಲಿ ತಂಪು. ಮಿರುಗುವ ಬಣ್ಣ ತೊಳೆಯಲು ಸುಲಭ, ಆದರೆ ಗೋಡೆಯ ಡೊಂಕನ್ನೆಲ್ಲ ಸಾರಿ ಹೇಳುತ್ತದೆ. ತೇವವಿದ್ದ ಗೋಡೆಗೆ ಎಂಥ ಬಣ್ಣವೂ ನಿಲ್ಲದು. ನೀರಿನ ದಾರಿ ಮುಚ್ಚಿಸಿ, ಗೋಡೆ ಪೂರ್ತಿ ಒಣಗಲು ಬಿಡಿರಿ.

ಮಕ್ಕಳಿರುವ ಮನೆಯವರು ಇನ್ನೊಂದು ಗಮನಿಸಬೇಕು. 2016ರ ನಿಯಮದಂತೆ ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಪಾಲನ್ನು ಮೀರಕೂಡದು. ಇದು 2017ರ ನವೆಂಬರ್ 1ರಿಂದ ಜಾರಿಯಲ್ಲಿದೆ. ಹಳೆಯ ಬಾಗಿಲು ಕಿಟಕಿಗಳ ಬಣ್ಣಕ್ಕೆ ಆ ಕಟ್ಟಿರಲಿಲ್ಲ. ಅವನ್ನು ಒಣದಾಗಿ ಕೆರೆಸದೆ ನೀರು ಹಚ್ಚಿ ಉಜ್ಜಿಸಿರಿ, ಮಕ್ಕಳನ್ನು ಆಚೆ ಕಳಿಸಿರಿ.

ಎರಡು ತಿಂಗಳ ಮೇಲೆ ಅವ್ವನ ಒಂದು ಕಣ್ಣಿನ ಶಸ್ತ್ರಚಿಕಿತ್ಸೆಯಾಯಿತು. ಪಟ್ಟಿ ಬಿಚ್ಚಿ ಮನೆಗೆ ಬಂದವಳು ಕಿಟಕಿಯ ಪರದೆಯನ್ನು ಹಿಡಿದು ಬಹಳ ಹೊತ್ತು ನಿಂತಳು. “ಇದು ನೀಲಿನಾ? ಇಷ್ಟು ದಿನಾ ಬೂದಿ ಬಣ್ಣ ಅಂತಿದ್ನೆಲ್ಲೋ!” ಪೊರೆ ಕಟ್ಟಿದ ಕಣ್ಣಿನ ಮಸೂರ ಹಳದಿಗಟ್ಟಿ ನೀಲಿಯನ್ನು ತಡೆಯುತ್ತದೆಂದು ವೈದ್ಯರು ಆಮೇಲೆ ವಿವರಿಸಿದರು. ನಮಗೆ ಕೊಂಚ ನಾಚಿಕೆಯಾಯಿತು. ಒಂದು ವರ್ಷ ಆಕೆ ನಮ್ಮ ಮನೆಯಲ್ಲಿ ಯಾವ ಬಣ್ಣ ಕಂಡಳೆಂದು ನಾವು ವಿಚಾರಿಸಿಯೇ ಇರಲಿಲ್ಲ.

ಈಗ ಕೆಂಪು ಪಟ್ಟಿ ತೆಗೆಸಲೇ ಎಂದರೆ ಅವ್ವ ಒಲ್ಲೆನೆನ್ನುತ್ತಾಳೆ. ನಮ್ಮಾಕೆಯ ತಿಳಿಹಸಿರು ಈ ದೀಪಾವಳಿಯ ಬಾಕಿಯಾಗಿ ಉಳಿದಿದೆ. ರಟ್ಟಿಗೆ ಬಣ್ಣ ಹಚ್ಚಿ ಪಡಸಾಲೆಯ ಗೋಡೆಗೆ ಒರಗಿಸಿ ಇಟ್ಟಾಗಿದೆ. ಅತ್ತೆ ಸೊಸೆ ದಿನಕ್ಕೆ ಮೂರು ಹೊತ್ತು ನೋಡುತ್ತಿದ್ದಾರೆ.